ಹಾಯಿಗಿಂತ ಮೊದಲು ಲಂಗರು: ಫುಕೆಟ್ ಸುತ್ತಲ ದ್ವೀಪಗಳಲ್ಲಿ ಒಂದು ವಾರದ ಹಾಯಿದೋಣಿ ಪಯಣ

ಹಾಯಿದೋಣಿ ಅಂದ ಕೂಡಲೇ ಕಣ್ಣ ಮುಂದೆ ಬರುವುದು ಗಾಳಿ ತುಂಬಿಕೊಂಡ ಬಿಳಿ ಹಾಯಿ. ನನಗೂ ಹಾಗೇ ಇತ್ತು. ಫುಕೆಟ್ ಪಕ್ಕದ ಕಡಲಲ್ಲಿ ಒಂದು ವಾರ ಕಳೆದು ಬಂದ ಮೇಲೆ ಲೆಕ್ಕ ಹಾಕಿದೆ. ದಿನಕ್ಕೆ ಹಾಯಿ ಬಿಚ್ಚಿದ್ದು ಹೆಚ್ಚೆಂದರೆ 4 ಗಂಟೆ. ಉಳಿದ 20 ಗಂಟೆ ದೋಣಿ ನಿಂತಿದ್ದು ಮಣ್ಣಿಗೆ ಕಚ್ಚಿದ ಒಂದು ಕಬ್ಬಿಣದ ಕೊಕ್ಕೆಯ ಮೇಲೆ. ಊಟ, ನಿದ್ದೆ, ಈಜು, ಜಗಳ, ಎಲ್ಲವೂ ಅದರ ಭರವಸೆಯಲ್ಲೇ. ಆದ್ದರಿಂದ ಈ ಲೇಖನದಲ್ಲಿ ಹಾಯಿಯ ಮಾತು ಕಮ್ಮಿ. ಲಂಗರು ಮತ್ತು ಉಬ್ಬರ-ಇಳಿತದ ಮಾತು ಜಾಸ್ತಿ.

ಜಾಗ ಯಾವುದು ಅಂತ ಮೊದಲು ಹೇಳಿಬಿಡುತ್ತೇನೆ. ಥಾಯ್ಲೆಂಡಿನ ಫುಕೆಟ್ ದ್ವೀಪದ ಪೂರ್ವಕ್ಕೆ ಫಾಂಗ್ ನ್ಗಾ ಕೊಲ್ಲಿ ಇದೆ. ಆಳ ಕಮ್ಮಿ, ಅಲೆ ಕಮ್ಮಿ, ನೀರಿನಿಂದ ನೆಟ್ಟಗೆ ಎದ್ದು ನಿಂತ ಸುಣ್ಣದ ಕಲ್ಲಿನ ಬಂಡೆದ್ವೀಪಗಳು. ಅಲ್ಲಿಂದ ದಕ್ಷಿಣಕ್ಕೆ ಬಂದರೆ ಕ್ರಾಬಿಯ ದಡ, ಆಮೇಲೆ ಫಿ ಫಿ, ರಾಚಾ ದ್ವೀಪಗಳು. ಇದು ಅಂಡಮಾನ್ ಸಮುದ್ರ. ನಮ್ಮ ಪೋರ್ಟ್ ಬ್ಲೇರ್‌ನಿಂದ (ಈಗಿನ ಶ್ರೀ ವಿಜಯ ಪುರಂನಿಂದ) ಪೂರ್ವಕ್ಕೆ ನೋಡಿದರೆ ಕಾಣುವ ಅದೇ ಕಡಲಿನ ಆಚೆ ದಡ. ಒಂದು ದ್ವೀಪದಿಂದ ಇನ್ನೊಂದು ಕಣ್ಣಿಗೆ ಕಾಣುತ್ತದೆ. ಮೊದಲ ಸಲ ಹೋಗುವವರಿಗೆ ಇದಕ್ಕಿಂತ ಕರುಣೆಯುಳ್ಳ ನೀರು ಸಿಗುವುದು ಕಷ್ಟ.

ಯಾವಾಗ ಹೋಗಬೇಕು

ನಮಗೆ ಮುಂಗಾರು ತರುವ ನೈಋತ್ಯ ಗಾಳಿಯೇ ಅಲ್ಲಿಗೂ ಮಳೆ ತರುತ್ತದೆ. ಮಲ್ಪೆಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ದಡದಲ್ಲಿರುತ್ತವಲ್ಲ, ಆ ಹೊತ್ತಲ್ಲಿ ಫುಕೆಟ್‌ನ ಪಶ್ಚಿಮ ದಡಕ್ಕೂ ದೊಡ್ಡ ಅಲೆ ಬಡಿಯುತ್ತಿರುತ್ತದೆ. ಮೇಯಿಂದ ಅಕ್ಟೋಬರ್‌ವರೆಗೆ ಹೊಸಬರು ಹೋಗುವುದು ಬೇಡ. ಸಿಮಿಲಾನ್ ದ್ವೀಪಗಳಂಥ ರಾಷ್ಟ್ರೀಯ ಉದ್ಯಾನಗಳು ಮೇ ನಡುವಿನಿಂದ ಅಕ್ಟೋಬರ್ ನಡುವಿನವರೆಗೆ ಹೇಗೂ ಮುಚ್ಚಿರುತ್ತವೆ.

ನವೆಂಬರ್‌ನಿಂದ ಈಶಾನ್ಯದ ಗಾಳಿ ಶುರು. ಡಿಸೆಂಬರ್, ಜನವರಿಯಲ್ಲಿ ಗಾಳಿ ಚೆನ್ನಾಗಿರುತ್ತದೆ, ಸಾಮಾನ್ಯವಾಗಿ 10ರಿಂದ 20 ನಾಟ್, ಅಂದರೆ ಗಂಟೆಗೆ ಸುಮಾರು 18ರಿಂದ 37 ಕಿಲೋಮೀಟರ್ ವೇಗ. ಮಾರ್ಚ್ ಹೊತ್ತಿಗೆ ಗಾಳಿ ಸೊರಗುತ್ತದೆ, ಸೆಕೆ ಏರುತ್ತದೆ, ಎಂಜಿನ್ ಸದ್ದು ಕೇಳುತ್ತಾ ಹೋಗಬೇಕಾಗುತ್ತದೆ. ನನ್ನನ್ನು ಕೇಳಿದರೆ ಜನವರಿ ಕೊನೆ ಅಥವಾ ಫೆಬ್ರವರಿ ಮೊದಲ ವಾರ. ಕ್ರಿಸ್‌ಮಸ್ ಗಲಾಟೆ ಮುಗಿದಿರುತ್ತದೆ, ಗಾಳಿ ಇನ್ನೂ ಇರುತ್ತದೆ.

ತಿಂಗಳು ಗೊತ್ತಾದ ಮೇಲೆ ಪಂಚಾಂಗ ತೆಗೆಯಿರಿ. ತಮಾಷೆಗೆ ಹೇಳುತ್ತಿಲ್ಲ. ಹುಣ್ಣಿಮೆ, ಅಮಾವಾಸ್ಯೆ ಯಾವತ್ತು ಅಂತ ನೋಡಿಟ್ಟುಕೊಳ್ಳಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಯಾವ ದೋಣಿ, ಚುಕ್ಕಾಣಿ ಯಾರ ಕೈಲಿ

ಬಾಡಿಗೆಗೆ ದೋಣಿ ಎರಡು ರೀತಿ ಸಿಗುತ್ತದೆ. ಬರೀ ದೋಣಿ ತೆಗೆದುಕೊಂಡು ನೀವೇ ನಡೆಸಬಹುದು. ಇಲ್ಲವೇ ನಾಯಕನ ಸಮೇತ ತೆಗೆದುಕೊಳ್ಳಬಹುದು. ಬರೀ ದೋಣಿ ಬೇಕೆಂದರೆ ಕಂಪನಿಯವರು ನಿಮ್ಮ ಅನುಭವವನ್ನು ಬರೆದು ಕೊಡಿ ಅನ್ನುತ್ತಾರೆ, ಕೆಲವರು ಪ್ರಮಾಣಪತ್ರವನ್ನೂ ಕೇಳುತ್ತಾರೆ. ಇಲ್ಲಿ ಸುಳ್ಳು ಬರೆಯಬೇಡಿ. ಸಿಕ್ಕಿಬೀಳುವುದು ಕಚೇರಿಯಲ್ಲಲ್ಲ, ಬಂಡೆಯ ಪಕ್ಕದಲ್ಲಿ. ಮುಂಬೈ, ಚೆನ್ನೈ, ಹೈದರಾಬಾದ್‌ನಲ್ಲಿ ಹಾಯಿ ಕಲಿಸುವ ಕ್ಲಬ್‌ಗಳಿವೆ. ಸಣ್ಣ ದೋಣಿಯಲ್ಲಿ ಗಾಳಿಯ ದಿಕ್ಕು ಮೈಗೆ ತಿಳಿಯುವಷ್ಟು ಕಲಿತು ಹೋದರೆ ಅಲ್ಲಿ ಅರ್ಧ ಭಯ ಕಮ್ಮಿ.

ಮೊದಲ ಪಯಣಕ್ಕೆ ನಾಯಕನನ್ನು ಇಟ್ಟುಕೊಳ್ಳಿ ಅನ್ನುವುದೇ ನನ್ನ ಸಲಹೆ. ಪೂರ್ತಿ ವಾರಕ್ಕೆ ಬೇಡ ಅನಿಸಿದರೆ ಮೊದಲ ಎರಡು ದಿನಕ್ಕೆ ಸಿಗುತ್ತಾರಾ ಕೇಳಿ. ನಮ್ಮ ನಾಯಕ ಜಾಸ್ತಿ ಮಾತಾಡುತ್ತಿರಲಿಲ್ಲ. ನೀರಿನ ಬಣ್ಣ ತೋರಿಸಿ ‘ಅಲ್ಲಿ ಬೇಡ’ ಅನ್ನುತ್ತಿದ್ದ, ಅಷ್ಟೇ. ಆ ಎರಡು ಪದದಲ್ಲಿ ನಾನು ಕಲಿತದ್ದು ಬಹಳ.

ಒಂದೇ ಒಡಲಿನ ದೋಣಿ ಗಾಳಿಗೆ ವಾಲುತ್ತದೆ, ನಡೆಸಲು ಖುಷಿ, ಬಾಡಿಗೆಯೂ ಕಮ್ಮಿ. ಜೋಡಿ ಒಡಲಿನ ಕ್ಯಾಟಮರಾನ್ ವಾಲುವುದಿಲ್ಲ, ಜಾಗ ಜಾಸ್ತಿ, ಕಮ್ಮಿ ಆಳದಲ್ಲೂ ನಿಲ್ಲುತ್ತದೆ. ತಮಿಳಿನ ಕಟ್ಟುಮರಂ ಇಂಗ್ಲಿಷಿಗೆ ಹೋಗಿ ಕ್ಯಾಟಮರಾನ್ ಆಗಿ ವಾಪಸ್ ಬಂದಿದೆ ನೋಡಿ. ಅಪ್ಪ, ಅಮ್ಮ, ಮಕ್ಕಳು ಜೊತೆಗಿದ್ದರೆ ಕ್ಯಾಟಮರಾನ್ ಸರಿ. ಫಾಂಗ್ ನ್ಗಾ ಕೊಲ್ಲಿಗಂತೂ ಅದೇ ಒಳ್ಳೆಯದು, ಯಾಕೆಂದರೆ ಉತ್ತರದ ಭಾಗದಲ್ಲಿ ಆಳ ತುಂಬಾ ಕಮ್ಮಿ.

ದಾರಿ ಗುರುತಿಸುವುದು

ದೋಣಿ ಗಂಟೆಗೆ 5 ನಾಟಿಕಲ್ ಮೈಲಿ ಹೋಗುತ್ತದೆ ಅಂತ ಹಿಡಿಯಿರಿ. ಅಂದರೆ ಸುಮಾರು 9 ಕಿಲೋಮೀಟರ್. ಸೈಕಲ್‌ಗಿಂತ ನಿಧಾನ! ದಿನಕ್ಕೆ 20 ಮೈಲಿ ಮೀರಬೇಡಿ. ಬೆಳಿಗ್ಗೆ 9ಕ್ಕೆ ಹೊರಟು ಮಧ್ಯಾಹ್ನ 3ರೊಳಗೆ ಮುಂದಿನ ಜಾಗದಲ್ಲಿರಬೇಕು. ಈ 3 ಗಂಟೆ ಅನ್ನುವುದನ್ನು ಹಠವಾಗಿ ಹಿಡಿಯಿರಿ. ಬಿಸಿಲು ಮೇಲಿದ್ದಾಗ ಮಾತ್ರ ನೀರಿನಡಿಯ ಹವಳ, ಬಂಡೆ ಕಾಣುತ್ತದೆ. ಲಂಗರು ಮೊದಲ ಸಲ ಹಿಡಿಯದಿದ್ದರೆ ಎರಡನೇ ಸಲಕ್ಕೆ ಬೆಳಕು ಉಳಿದಿರುತ್ತದೆ.

ನಾವು ಹೋದ ದಾರಿ ಹೀಗಿತ್ತು. ಫುಕೆಟ್‌ನ ಈಶಾನ್ಯ ಮೂಲೆಯ ಮರೀನಾದಿಂದ (ವಿಹಾರದೋಣಿಗಳ ನಿಲ್ದಾಣದಿಂದ) ಹೊರಟು ಮೊದಲ ದಿನ ಕೋ ಫನಾಕ್. ‘ಕೋ’ ಅಂದರೆ ಥಾಯ್ ಭಾಷೆಯಲ್ಲಿ ದ್ವೀಪ. ಫನಾಕ್ ಅಂದಾಗಲೆಲ್ಲ ನಮ್ಮ ದೋಣಿಯಲ್ಲಿ ರಾಮನವಮಿಯ ಪಾನಕದ ಮಾತೇ. ಎರಡನೇ ದಿನ ಪಕ್ಕದ ಕೋ ಹಾಂಗ್. ಮೂರನೇ ದಿನ ಕೋ ಯಾವ್ ನೋಯಿ. ನಾಲ್ಕನೇ ದಿನ ಕ್ರಾಬಿ ಕಡೆಯ ರೈಲೇ. ಅದು ದ್ವೀಪವಲ್ಲ, ಮುಖ್ಯಭೂಮಿಗೆ ಸೇರಿಕೊಂಡೇ ಇದ್ದರೂ ಸುತ್ತ ಕಡಿದಾದ ಬಂಡೆ ಇರುವುದರಿಂದ ರಸ್ತೆ ಇಲ್ಲ, ದೋಣಿಯಲ್ಲೇ ಹೋಗಬೇಕು. ಐದಕ್ಕೆ ಫಿ ಫಿ, ಆರಕ್ಕೆ ರಾಚಾ ಯಾಯ್, ಏಳಕ್ಕೆ ವಾಪಸ್. ಫಿ ಫಿಯಿಂದ ರಾಚಾಗೆ ಹೋಗುವ ದಿನದ ದಾರಿ ಉದ್ದ. ಅವತ್ತು ಬೆಳಕು ಹರಿಯುವಾಗಲೇ ಹೊರಟೆವು, 20 ಮೈಲಿಯ ನಿಯಮವನ್ನೂ ಸ್ವಲ್ಪ ಮುರಿದೆವು.

ಒಂದು ಎಚ್ಚರಿಕೆ. ಕೋ ಹಾಂಗ್ ಹೆಸರಿನ ದ್ವೀಪ ಎರಡಿವೆ. ಒಂದು ಫಾಂಗ್ ನ್ಗಾ ಕೊಲ್ಲಿಯಲ್ಲಿ, ಇನ್ನೊಂದು ಕ್ರಾಬಿ ಕಡೆ. ನಕ್ಷೆಯಲ್ಲಿ ಬೆರಳಿಡುವಾಗ ಯಾವುದು ಅಂತ ಎರಡು ಸಲ ನೋಡಿ.

ಫಿ ಫಿಯ ಮಾಯಾ ಕೊಲ್ಲಿಗೆ ಹಾಯಿದೋಣಿ ತೆಗೆದುಕೊಂಡು ಒಳಗೆ ಹೋಗುವ ಕನಸು ಬಿಡಿ. ಜನ ಮುಗಿಬಿದ್ದು ಹವಳ ಹಾಳಾಯಿತೆಂದು 2018ರ ಜೂನ್‌ನಲ್ಲಿ ಅದನ್ನು ಮುಚ್ಚಿದರು, 2022ರ ಜನವರಿಯಲ್ಲಿ ತೆರೆದರು. ಈಗ ದೋಣಿಗಳು ದ್ವೀಪದ ಹಿಂಬದಿಯಲ್ಲಿ ನಿಲ್ಲಬೇಕು, ನಡೆದು ದಾಟಿ ಹೋಗಬೇಕು. ಹೀಗೆ ಮಾಡಿದ್ದು ಒಳ್ಳೆಯದೇ ಆಯಿತು ಅನ್ನುತ್ತೇನೆ.

ಮಲೇಷ್ಯಾದ ಲಂಕಾವಿವರೆಗೂ ಹೋಗಿಬಿಡೋಣ ಅನ್ನುವವರು ಇರುತ್ತಾರೆ. ಅದು ಬೇರೆ ದೇಶ. ಫುಕೆಟ್ ದ್ವೀಪದ ಚಾಲೋಂಗ್ ಕೊಲ್ಲಿಯಲ್ಲಿ ವಲಸೆ, ಸುಂಕ, ಬಂದರು ಮೂರೂ ಇಲಾಖೆಯ ಮುದ್ರೆ ಹಾಕಿಸಿಕೊಂಡು ಹೊರಡಬೇಕು. ಬಾಡಿಗೆ ದೋಣಿಯಾದರೆ ಕಂಪನಿಯ ಒಪ್ಪಿಗೆಯೂ ಬೇಕು. ಒಂದು ವಾರಕ್ಕೆ ಅದೆಲ್ಲ ಬೇಡ.

ನೀರು, ಅಡುಗೆ

ಟ್ಯಾಂಕಿನ ನೀರು ಪಾತ್ರೆಗೆ, ಮೈಗೆ. ಕುಡಿಯಲು ಬೇರೆ ಒಯ್ಯಿರಿ. ಒಬ್ಬರಿಗೆ ದಿನಕ್ಕೆ 3 ಲೀಟರ್ ಅಂದರೆ ಆರು ಜನಕ್ಕೆ ವಾರಕ್ಕೆ 126 ಲೀಟರ್. ದೊಡ್ಡ ಕ್ಯಾನ್‌ಗಳಲ್ಲಿ ತೆಗೆದುಕೊಂಡರೆ ಪ್ಲಾಸ್ಟಿಕ್ ಕಸ ಕಮ್ಮಿ. ಸ್ನಾನ ಸಮುದ್ರದಲ್ಲಿ, ಕೊನೆಗೆ ಒಂದು ಚೊಂಬು ಸಿಹಿನೀರು. ನಲ್ಲಿ ಬಿಟ್ಟು ಹಲ್ಲುಜ್ಜುವ ಒಬ್ಬ ಮನುಷ್ಯ ಸಾಕು, ಐದನೇ ದಿನ ಎಲ್ಲರಿಗೂ ನೀರಿಲ್ಲ.

ಮನೆಯಿಂದ 3 ಲೀಟರಿನ ಪ್ರೆಷರ್ ಕುಕ್ಕರ್ ಒಯ್ದಿದ್ದೆವು. ನಕ್ಕವರೇ ಎರಡನೇ ದಿನ ಅನ್ನ-ಸಾರಿಗೆ ಸಾಲು ನಿಂತರು. ಮುಚ್ಚಳ ಗಟ್ಟಿ ಇರುವುದರಿಂದ ದೋಣಿ ಅಲುಗಾಡಿದರೂ ಚೆಲ್ಲುವುದಿಲ್ಲ, ಗ್ಯಾಸೂ ಉಳಿಯುತ್ತದೆ. ಅವಲಕ್ಕಿ, ಪುಳಿಯೋಗರೆ ಗೊಜ್ಜು, ಉಪ್ಪಿನಕಾಯಿ ಇದ್ದರೆ ಒಲೆ ಹಚ್ಚದ ದಿನವೂ ನಡೆಯುತ್ತದೆ. ತರಕಾರಿ, ಹಣ್ಣು, ಅಕ್ಕಿ ಎಲ್ಲ ಫುಕೆಟ್‌ನಲ್ಲೇ ಸಿಗುತ್ತದೆ. ಸಸ್ಯಾಹಾರಿಗಳು ದ್ವೀಪದ ಹೋಟೆಲಿಗೆ ಹೋದಾಗ ‘ಜೇ’ ಅನ್ನಬೇಕು. ಬರೀ ಮೀನು-ಮಾಂಸ ಬೇಡ ಅಂದರೆ ಸಾಲದು, ಮೀನಿನ ರಸ ‘ನಾಮ್ ಪ್ಲಾ’ ಸುಮ್ನೆ ಪಲ್ಯಕ್ಕೂ ಬಿದ್ದಿರುತ್ತದೆ.

ದೋಣಿ ಕೈಗೆ ಬರುವ ದಿನ

ಅವತ್ತು ಎಲ್ಲರಿಗೂ ಹೊರಡುವ ಆತುರ. ಒಬ್ಬರಾದರೂ ಆತುರಪಡದೆ ಕೂತು ಕೇಳಿಸಿಕೊಳ್ಳಬೇಕು. ಲಂಗರು ಎತ್ತುವ ಮೋಟಾರು ಹೇಗೆ ನಡೆಯುತ್ತದೆ, ಅದು ಕೈಕೊಟ್ಟರೆ ಕೈಯಲ್ಲಿ ಎತ್ತುವುದು ಹೇಗೆ. ಸರಪಳಿ ಒಟ್ಟು ಎಷ್ಟು ಮೀಟರ್, ಹತ್ತು ಹತ್ತು ಮೀಟರಿಗೆ ಯಾವ ಬಣ್ಣದ ಗುರುತು. ಆಳ ತೋರಿಸುವ ಯಂತ್ರ ನೀರಿನ ಮೇಲ್ಮೈಯಿಂದ ಅಳೆಯುತ್ತದಾ, ದೋಣಿಯ ತಳದಿಂದ ಅಳೆಯುತ್ತದಾ. ಈ ಕೊನೆಯ ಪ್ರಶ್ನೆಯನ್ನು ಕೇಳದೆ ಹೊರಡಬೇಡಿ. ಎರಡರ ನಡುವೆ ಒಂದೂವರೆ ಮೀಟರ್ ವ್ಯತ್ಯಾಸ ಇರಬಹುದು.

ಲೈಫ್ ಜಾಕೆಟ್ ಎಲ್ಲರೂ ಒಮ್ಮೆ ತೊಟ್ಟು ನೋಡಿ. ರೇಡಿಯೋದಲ್ಲಿ ಚಾನೆಲ್ 16 ತುರ್ತಿಗೆ, ಅದನ್ನು ಮಕ್ಕಳಿಗೂ ತೋರಿಸಿಕೊಡಿ. ಫೋನಿನಲ್ಲಾದರೆ ಪ್ರವಾಸಿ ಪೊಲೀಸ್ 1155, ಆಂಬುಲೆನ್ಸ್ 1669. ಮೊದಲೇ ಇರುವ ಗೀರು, ತೂತುಗಳ ಫೋಟೋ ತೆಗೆದಿಡಿ. ಠೇವಣಿ ವಾಪಸ್ ಕೇಳುವಾಗ ಬೇಕಾಗುತ್ತದೆ.

ಲಂಗರು ಹಾಕುವುದು

ಈಗ ಮುಖ್ಯ ವಿಷಯಕ್ಕೆ ಬಂದೆ.

ಲಂಗರು ತನ್ನ ತೂಕದಿಂದ ದೋಣಿ ನಿಲ್ಲಿಸುವುದಿಲ್ಲ. ನೇಗಿಲ ಗುಳದ ಹಾಗೆ ಮಣ್ಣಿಗೆ ಇಳಿದು ನಿಲ್ಲಿಸುತ್ತದೆ. ನೇಗಿಲನ್ನು ಅಡ್ಡಕ್ಕೆ ಎಳೆದರೆ ಇಳಿಯುತ್ತದೆ, ಮೇಲಕ್ಕೆ ಎಳೆದರೆ ಕಿತ್ತು ಬರುತ್ತದೆ. ಇಲ್ಲೂ ಹಾಗೆ. ಸರಪಳಿ ಉದ್ದ ಬಿಟ್ಟಷ್ಟೂ ಎಳೆತ ಅಡ್ಡವಾಗುತ್ತದೆ. ಲೆಕ್ಕ ಇಷ್ಟು: ಆಳದ 5 ಪಟ್ಟು ಸರಪಳಿ. ಆದರೆ ಯಾವ ಆಳ?

ಒಂದು ಉದಾಹರಣೆ. ನೀವು ಬಂದಾಗ ಇಳಿತ, ಆಳ 4 ಮೀಟರ್. ರಾತ್ರಿ ಉಬ್ಬರಕ್ಕೆ ನೀರು ಇನ್ನೂ 2.5 ಮೀಟರ್ ಏರುತ್ತದೆ. ನೀರಿನಿಂದ ದೋಣಿಯ ಮೂತಿಗೆ 1.5 ಮೀಟರ್. ಒಟ್ಟು 8. ಅದರ 5 ಪಟ್ಟು 40 ಮೀಟರ್ ಸರಪಳಿ. ಬರೀ 4 ಮೀಟರ್ ನೋಡಿ 20 ಮೀಟರ್ ಬಿಟ್ಟರೆ ಸಂಜೆ ಆರಾಮ, ನಡುರಾತ್ರಿ ತಾಪತ್ರಯ.

ನಾವು ಮಾಡಿದ್ದು ಅದೇ. ನಾಯಕ ಇಳಿದುಹೋದ ಮೊದಲ ರಾತ್ರಿ ಕೋ ಯಾವ್ ನೋಯಿ ಪಕ್ಕ 25 ಮೀಟರ್ ಸಾಕು ಅಂದುಕೊಂಡೆವು. ಬೆಳಗಿನ ಜಾವ ಎಚ್ಚರವಾಯಿತು. ಸದ್ದಿನಿಂದಲ್ಲ, ಸದ್ದು ಬದಲಾದ್ದರಿಂದ. ಅಲೆ ಮೂತಿಗೆ ಬಡಿಯುವ ಬದಲು ಪಕ್ಕಕ್ಕೆ ಬಡಿಯುತ್ತಿತ್ತು. ಹೊರಗೆ ಬಂದು ನೋಡಿದರೆ ಮಲಗುವಾಗ ದೂರವಿದ್ದ ಮೀನುಗಾರರ ದೋಣಿ ಈಗ ಮಾತಾಡಿದರೆ ಕೇಳುವಷ್ಟು ಹತ್ತಿರ. ಎಂಜಿನ್ ಹಾಕಿ, ಟಾರ್ಚ್ ಹಿಡಿದು, ಲಂಗರು ಎತ್ತಿ ಮತ್ತೆ ಹಾಕುವಷ್ಟರಲ್ಲಿ ಬೆಳಗಾಗಿತ್ತು. ಆ ದೋಣಿಯವನು ಬೀಡಿ ಸೇದುತ್ತಾ ನೋಡುತ್ತಿದ್ದ. ಏನೂ ಅನ್ನಲಿಲ್ಲ.

ಆಮೇಲೆ ನಾವು ರೂಢಿ ಮಾಡಿಕೊಂಡ ಕ್ರಮ ಹೇಳುತ್ತೇನೆ. ಜಾಗದ ಸುತ್ತ ಒಂದು ನಿಧಾನದ ಸುತ್ತು ಹೊಡೆಯಿರಿ, ಆಳ ನೋಡುತ್ತಾ. ಗಾಳಿಯನ್ನು ತಡೆಯುವ ಗುಡ್ಡದ ಮರೆ ಇರಲಿ. ಈಶಾನ್ಯ ಗಾಳಿಯ ತಿಂಗಳುಗಳಲ್ಲಿ ಅದು ಸಾಮಾನ್ಯವಾಗಿ ದ್ವೀಪದ ಪಶ್ಚಿಮ ಅಥವಾ ದಕ್ಷಿಣದ ಬದಿ. ರಾಚಾ ಯಾಯ್‌ನ ಪಶ್ಚಿಮದ ಕೊಲ್ಲಿ ಇದಕ್ಕೇ ಹೇಳಿ ಮಾಡಿಸಿದ ಹಾಗಿದೆ. ಮೂತಿ ಗಾಳಿಗೆ ಎದುರಾಗಿ ನಿಲ್ಲಿಸಿ. ದೋಣಿ ಪೂರ್ತಿ ನಿಂತು ಹಿಂದೆ ಸರಿಯಲು ಶುರುವಾದ ಮೇಲೆ ಲಂಗರು ಇಳಿಸಿ. ಸರಪಳಿಯನ್ನು ಒಂದೇ ಕಡೆ ಗುಪ್ಪೆ ಹಾಕಬೇಡಿ, ದೋಣಿ ಹಿಂದೆ ಹೋದಂತೆ ಬಿಡುತ್ತಾ ಹೋಗಿ. ಪೂರ್ತಿ ಬಿಟ್ಟ ಮೇಲೆ ಎಂಜಿನ್ ಹಿಂದಕ್ಕೆ ಹಾಕಿ, ಮೆಲ್ಲಗೆ ಎಳೆಯಿರಿ, ಆಮೇಲೆ ಜೋರು ಮಾಡಿ. ದಡದ ಒಂದು ಮರ, ಅದರ ಹಿಂದಿನ ಒಂದು ಬಂಡೆ, ಎರಡನ್ನೂ ಒಂದೇ ಸಾಲಿಗೆ ಇಟ್ಟು ನೋಡಿ. ಸಾಲು ತಪ್ಪದಿದ್ದರೆ ಲಂಗರು ಕಚ್ಚಿದೆ. ಕೊನೆಗೆ ಈಜು ಕನ್ನಡಕ ಹಾಕಿಕೊಂಡು ನೀರಿಗೆ ಹಾರಿ ನೋಡಿ ಬನ್ನಿ. ಫಾಂಗ್ ನ್ಗಾದಲ್ಲಿ ನೀರು ಕೆಸರು ಹಸಿರು, ಏನೂ ಕಾಣುವುದಿಲ್ಲ. ಆದರೆ ಅಲ್ಲಿಯ ಮಣ್ಣು ಲಂಗರನ್ನು ಗಟ್ಟಿಯಾಗಿ ಹಿಡಿಯುತ್ತದೆ. ಫೋನಿನಲ್ಲಿ ಲಂಗರಿನ ಅಲಾರಂ ಆ್ಯಪ್ ಹಾಕಿಡಿ, ದೋಣಿ ಗೆರೆ ದಾಟಿದರೆ ಕೂಗುತ್ತದೆ.

ಹವಳದ ಮೇಲೆ ಲಂಗರು ಹಾಕಲೇಬಾರದು. ಒಂದು ಸರಪಳಿ ಒಂದು ರಾತ್ರಿ ಹೊರಳಾಡಿದರೆ ಎಷ್ಟೋ ವರ್ಷ ಬೆಳೆದದ್ದು ಪುಡಿ. ರಾಷ್ಟ್ರೀಯ ಉದ್ಯಾನಗಳಲ್ಲಿ ದೋಣಿ ಕಟ್ಟಿಕೊಳ್ಳಲು ತೇಲುಬುರುಡೆಗಳಿವೆ. ಅವನ್ನೂ ಕಣ್ಣು ಮುಚ್ಚಿ ನಂಬಬೇಡಿ, ಹಗ್ಗ ಸವೆದಿದೆಯಾ ಅಂತ ಈಜಿ ನೋಡಿ.

ನೀರಿನ ಏರು-ಇಳಿ, ಮತ್ತು ಬಂಡೆಯೊಳಗಿನ ಕೋಣೆ

ಪಂಚಾಂಗದ ಮಾತು ಈಗ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಫುಕೆಟ್‌ನಲ್ಲಿ ನೀರು ಸುಮಾರು 2.5ರಿಂದ 3 ಮೀಟರ್ ಏರಿಳಿಯುತ್ತದೆ. ನಮ್ಮ ಮಂಗಳೂರು ಕಡೆಗಿಂತ ಹೆಚ್ಚು ಕಮ್ಮಿ ಎರಡು ಪಟ್ಟು. ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಪ್ರತಿ ದಿನ ಸುಮಾರು 50 ನಿಮಿಷ ತಡ. ಥಾಯ್ ನೌಕಾಪಡೆಯ ಜಲಮಾಪನ ಇಲಾಖೆ ಉಬ್ಬರದ ಪಟ್ಟಿ ಪ್ರಕಟಿಸುತ್ತದೆ. ದೋಣಿಯವರ ಹತ್ತಿರ ಇದ್ದೇ ಇರುತ್ತದೆ, ಆ ವಾರದ ಹಾಳೆಯ ಫೋಟೋ ತೆಗೆದುಕೊಳ್ಳಿ.

ನೀರು ಒಂದೇ ಸಮ ಏರುವುದಿಲ್ಲ. ಆರು ಗಂಟೆಯ ಏರಿಕೆಯನ್ನು ಹನ್ನೆರಡು ಪಾಲು ಮಾಡಿದರೆ ಗಂಟೆಗಂಟೆಗೆ 1, 2, 3, 3, 2, 1 ಪಾಲು. ಒಟ್ಟು 2.4 ಮೀಟರ್ ಏರುವ ದಿನ ಮೊದಲ ಗಂಟೆ 20 ಸೆಂಟಿಮೀಟರ್, ಮೂರನೇ ಗಂಟೆ 60. ಮಧ್ಯದ ಆ ಎರಡು ಗಂಟೆಯಲ್ಲೇ ಅರ್ಧ ನೀರು ಬಂದುಬಿಡುತ್ತದೆ. ದ್ವೀಪಗಳ ಸಂದಿಯಲ್ಲಿ ಸೆಳೆತ ಜೋರಾಗುವುದೂ ಆಗಲೇ.

ಇದೆಲ್ಲ ಯಾಕೆ ಬೇಕು ಅಂದರೆ ಹಾಂಗ್‌ಗಳಿಗಾಗಿ. ಥಾಯ್‌ನಲ್ಲಿ ಹಾಂಗ್ ಅಂದರೆ ಕೋಣೆ. ಸುಣ್ಣದ ಕಲ್ಲಿನ ದ್ವೀಪ ಒಳಗೊಳಗೇ ಕರಗಿ, ಚಾವಣಿ ಕುಸಿದು, ನಡುವೆ ಬಾವಿಯಂಥ ಕೊಳ ಆಗಿರುತ್ತದೆ. ಸುತ್ತ ಗೋಡೆ, ಮೇಲೆ ಆಕಾಶ, ಕೆಳಗೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು. ಒಳಗೆ ಹೋಗಲು ಒಂದು ಗುಹೆ. ಕೋ ಫನಾಕ್‌ನಲ್ಲಿ ಕೆಲವು ಗುಹೆ ಕಗ್ಗತ್ತಲು, ತಲೆಯ ಮೇಲೆ ಬಾವಲಿ. ಕಯಾಕ್‌ನಲ್ಲಿ ಅಂಗಾತ ಮಲಗಿ, ಚಾವಣಿಗೆ ಕೈ ಕೊಟ್ಟು ತಳ್ಳಿಕೊಂಡು ಹೋಗಬೇಕು. ಉಬ್ಬರ ಏರಿದರೆ ಆ ಬಾಯಿ ಮುಚ್ಚಿಹೋಗುತ್ತದೆ.

ಆದ್ದರಿಂದ ಇಂಥ ತಗ್ಗು ಗುಹೆಗೆ ನೀರು ಇಳಿಯುವಾಗ ಹೋಗಿ. ಇಳಿತ ಮುಗಿದು ಏರಲು ಶುರುವಾದರೆ ಹೊರಗಿರಿ. ಗೋಡೆಯ ಮೇಲೆ ನೀರಿನ ಗುರುತು ನೋಡುತ್ತಿರಿ. ಒಳಗೆ ಹೋದರೆ ಹೊತ್ತು ಮರೆಯುತ್ತದೆ, ನಿಜ. ಅದಕ್ಕೇ ಒಬ್ಬರ ಕೈಗಡಿಯಾರದಲ್ಲಿ ಅಲಾರಂ ಇರಲಿ, ಟಾರ್ಚ್ ಎರಡಿರಲಿ. ಎಲ್ಲ ಹಾಂಗ್‌ಗೂ ಇದೇ ನಿಯಮ ಅಂದುಕೊಳ್ಳಬೇಡಿ ಮತ್ತೆ. ಕ್ರಾಬಿ ಕಡೆಯ ಕೋ ಹಾಂಗ್‌ನ ಕೊಳಕ್ಕೆ ಬಾಯಿ ತೆರೆದೇ ಇದೆ, ಆದರೆ ಆಳ ಕಮ್ಮಿ. ಅಲ್ಲಿ ದೋಣಿ ಒಳಗೆ ಹೋಗಲು ನೀರು ಏರಿರಬೇಕು. ಗೊತ್ತಿಲ್ಲದಿದ್ದರೆ ಪ್ರವಾಸಿಗರನ್ನು ಕರೆತರುವ ಕಯಾಕ್‌ನವರನ್ನು ಕೇಳಿ. ನೀರಿನ ಮಟ್ಟ ನೋಡಿ ಅವರು ಒಳಗೆ ಹೋಗದಿದ್ದರೆ ನೀವೂ ಹೋಗಬೇಡಿ. ಹಾಂ, ಸಂಜೆ ಅವರೆಲ್ಲ ವಾಪಸ್ ಹೋದ ಮೇಲೆ, ಇಳಿತವೂ ಕೂಡಿಬಂದರೆ, ಆ ಕೋಣೆ ನಿಮ್ಮೊಬ್ಬರದೇ. ಹಾಯಿದೋಣಿಯಲ್ಲಿ ಹೋದದ್ದಕ್ಕೆ ಸಿಗುವ ದೊಡ್ಡ ಬಹುಮಾನ ಇದು.

ಹಾಯಿ

ಸುಲಭದ್ದು ಇದೇ. ಕೊಲ್ಲಿಯೊಳಗೆ ಅಲೆ ಇಲ್ಲ, ಗಾಳಿ ಇದೆ. ಹಾಯಿ ಕುಗ್ಗಿಸಬೇಕಾ ಅಂತ ಮನಸ್ಸಿಗೆ ಬಂದ ಕ್ಷಣವೇ ಕುಗ್ಗಿಸಿ. ಬಿಸಿಲ ದಿನ ಮಧ್ಯಾಹ್ನ ದೂರದಲ್ಲಿ ಕಪ್ಪು ಗೆರೆಯ ಮೋಡ ಕಂಡರೆ ಹತ್ತು-ಹದಿನೈದು ನಿಮಿಷದಲ್ಲಿ ಗಾಳಿ ಬಡಿಯಬಹುದು. ಮೀನಿನ ಬಲೆ, ಬುಟ್ಟಿಗಳ ಗುರುತಿಗೆ ನೆಟ್ಟ ಬಾವುಟದ ಕೋಲು ಎಲ್ಲೆಲ್ಲೂ ಇರುತ್ತವೆ, ಎಂಜಿನ್ ಓಡುವಾಗ ಒಬ್ಬರು ಮುಂದೆ ಕೂತು ನೋಡುತ್ತಿರಲಿ. ರಾತ್ರಿ ಹೊರಡಬೇಡಿ. ದೀಪವಿಲ್ಲದ ಉದ್ದಬಾಲದ (ಲಾಂಗ್ ಟೇಲ್) ಊರಿನ ದೋಣಿಗಳು ಓಡಾಡುತ್ತವೆ. ಕತ್ತಲಲ್ಲಿ ದೂರಕ್ಕೆ ಹಸಿರು ಬೆಳಕಿನ ಜಾತ್ರೆ ಕಂಡರೆ ಅದು ಊರಲ್ಲ, ಬೊಂಡಾಸ್ (ಸ್ಕ್ವಿಡ್) ಹಿಡಿಯುವ ದೋಣಿಗಳು.

ಇನ್ನು ಕೆಲವು ಮಾತು

ಹೊಟ್ಟೆ ತೊಳಸುವವರು ಮಾತ್ರೆಯನ್ನು ಹೊರಡುವ ಮುಂಚೆಯೇ ನುಂಗಬೇಕು, ವಾಂತಿ ಶುರುವಾದ ಮೇಲಲ್ಲ. ಯಾವ ಮಾತ್ರೆ ಅಂತ ಊರಲ್ಲೇ ಡಾಕ್ಟರನ್ನು ಕೇಳಿ. ಒಳಗೆ ಮಲಗಬೇಡಿ, ಹೊರಗೆ ಕೂತು ದಿಗಂತ ನೋಡಿ. ಅಡುಗೆಮನೆಯಲ್ಲಿ ವಿನಿಗರ್ ಬಾಟಲಿ ಇರಲಿ. ಈ ನೀರಿನಲ್ಲಿ ಪೆಟ್ಟಿಗೆ ಆಕಾರದ ವಿಷದ ಲೋಳೆಮೀನು ಇದೆ. ಕಚ್ಚಿದರೆ ಉಜ್ಜದೆ, ಸಿಹಿನೀರು ಹಾಕದೆ, ವಿನಿಗರ್ ಸುರಿದು ಆಸ್ಪತ್ರೆಗೆ ಓಡಬೇಕು.

2021ರಿಂದ ಥಾಯ್ ಸಮುದ್ರ ಉದ್ಯಾನಗಳಲ್ಲಿ ಹವಳಕ್ಕೆ ಕೇಡು ಮಾಡುವ ನಾಲ್ಕು ರಾಸಾಯನಿಕ ಇರುವ ಸನ್‌ಸ್ಕ್ರೀನ್ ನಿಷೇಧ. ಆಕ್ಸಿಬೆನ್ಜೋನ್, ಆಕ್ಟಿನೋಕ್ಸೇಟ್ ಅಂತ ಡಬ್ಬಿಯ ಮೇಲಿದ್ದರೆ ಮನೆಯಲ್ಲೇ ಬಿಡಿ. ತುಂಬು ತೋಳಿನ ಈಜು ಅಂಗಿ ಎಲ್ಲಕ್ಕಿಂತ ಒಳ್ಳೆಯದು. ಇ-ಸಿಗರೇಟ್ ಒಯ್ಯಬೇಡಿ, ಅಲ್ಲಿ ಅದು ಅಪರಾಧ. ಕೋ ಯಾವ್ ದ್ವೀಪಗಳಲ್ಲಿ, ಕಂಬಗಳ ಮೇಲೆ ನಿಂತ ಕೋ ಪನ್ಯೀ ಹಳ್ಳಿಯಲ್ಲಿ ಹೆಚ್ಚಿನವರು ಮುಸ್ಲಿಂ ಮೀನುಗಾರರು. ಈಜುಡುಗೆಯಲ್ಲೇ ಊರೊಳಗೆ ಸುತ್ತಿದರೆ ಅವರಿಗೆ ಮುಜುಗರ. ಒಂದು ಪಂಚೆಯೋ ದುಪ್ಪಟ್ಟಾವೋ ಕೈಲಿರಲಿ.

ದಡಕ್ಕೆ ಹೋಗುವ ಸಣ್ಣ ಡಿಂಗಿಯನ್ನು ಇಳಿತದಲ್ಲಿ ಮರಳ ಮೇಲೆ ಎಳೆದಿಟ್ಟು ಊಟಕ್ಕೆ ಹೋದರೆ ಬರುವಷ್ಟರಲ್ಲಿ ಅದು ತೇಲಿಹೋಗಿರುತ್ತದೆ. ಉಬ್ಬರದಲ್ಲಿ ಕಟ್ಟಿ ಹೋದರೆ ವಾಪಸ್ ಬಂದಾಗ ನೀರು ನೂರು ಮೀಟರ್ ಹಿಂದೆ, ಡಿಂಗಿ ಕೆಸರಲ್ಲಿ. ನಮಗೆ ಎರಡೂ ಆಗಿದೆ.

ಕೊನೆಯ ದಿನ

ಫುಕೆಟ್‌ನ ಪೂರ್ವ ದಡದ ಎಲ್ಲ ಮರೀನಾಗಳಿಗೂ ಯಾವಾಗ ಬೇಕಾದರೂ ನುಗ್ಗಲು ಆಗುವುದಿಲ್ಲ. ಕೆಲವಕ್ಕೆ ಕಾಂಡ್ಲಾ ಕಾಡಿನ ನಡುವಿನ ಕಾಲುವೆಯಲ್ಲಿ ಹೋಗಬೇಕು, ಅದಕ್ಕೆ ಉಬ್ಬರವೇ ಬೇಕು. ಆ ದಿನದ ಉಬ್ಬರ ಬೆಳಿಗ್ಗೆ 8ಕ್ಕೆ ಇದ್ದರೆ, ದೋಣಿ ಒಪ್ಪಿಸುವುದು ಮಧ್ಯಾಹ್ನ ಅಂತ ಕರಾರಿನಲ್ಲಿದ್ದರೂ, ನೀವು ಮುಂಚೆಯೇ ಕಾಲುವೆಯ ಬಾಯಲ್ಲಿರಬೇಕು. ಹಾಗಾಗಿ ಆರನೇ ರಾತ್ರಿ ದೂರದ ರಾಚಾದಲ್ಲಿ ಮಲಗುವುದಾ, ಹತ್ತಿರದಲ್ಲೆಲ್ಲಾದರೂ ಮಲಗುವುದಾ ಅನ್ನುವುದನ್ನು ಊರಲ್ಲಿ ಕೂತು ಪಂಚಾಂಗ ನೋಡಿದ ದಿನವೇ ಗೊತ್ತು ಮಾಡಿಕೊಳ್ಳಿ. ಡೀಸೆಲ್ ತುಂಬಿಸಲು ಒಂದು ಗಂಟೆ, ತಪಾಸಣೆಗೆ ಒಂದು ಗಂಟೆ. ಬೆಂಗಳೂರಿನ ವಿಮಾನ ಮಾರನೆಯ ದಿನಕ್ಕಿರಲಿ. ಅವತ್ತು ರಾತ್ರಿ ಹೋಟೆಲಿನ ಹಾಸಿಗೆ ತೂಗಾಡಿದ ಹಾಗೆ ಅನಿಸುತ್ತದೆ. ನಡುರಾತ್ರಿ ಎದ್ದು ಕಿಟಕಿಯಿಂದ ಹೊರಗೆ ಮರ, ಬಂಡೆ ಒಂದೇ ಸಾಲಲ್ಲಿವೆಯಾ ಅಂತ ನೋಡುತ್ತೀರಿ.